‘ಇದನ್ನು ಬರೆದದ್ದು ನೀನೇನಾ?’

1773ರಲ್ಲಿ ಲಂಡನ್ನಿನಲ್ಲಿ ಒಂದು ಕವನ ಸಂಕಲನ ಅಚ್ಚಾಯಿತು. ಬರೆದವಳು ಫಿಲಿಸ್ ವೀಟ್ಲಿ, ಇಪ್ಪತ್ತರ ಆಸುಪಾಸಿನ ಹುಡುಗಿ. 1761ರಲ್ಲಿ, ಇನ್ನೂ ಹಾಲುಹಲ್ಲು ಉದುರುವ ವಯಸ್ಸಿನಲ್ಲಿ, ಅವಳನ್ನು ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ತಂದು ಬಾಸ್ಟನ್ನಿನಲ್ಲಿ ಮಾರಿದ್ದರು. ‘ಫಿಲಿಸ್’ ಅನ್ನೋದು ಆ ಹಡಗಿನ ಹೆಸರು. ‘ವೀಟ್ಲಿ’ ಅವಳನ್ನು ಕೊಂಡವರ ಮನೆತನದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಅದು ಯಾವ ಪುಸ್ತಕದಲ್ಲೂ ಇಲ್ಲ.

ಆ ಸಂಕಲನ ತೆರೆದರೆ ಕವಿತೆಗಳಿಗೂ ಮುಂಚೆ ಒಂದು ಪ್ರಮಾಣಪತ್ರ ಸಿಗುತ್ತದೆ. ಬಾಸ್ಟನ್ನಿನ 18 ಗಣ್ಯರು ಅದಕ್ಕೆ ಒಪ್ಪಿಗೆ ಕೊಟ್ಟು ಹೆಸರು ಹಾಕಿದ್ದಾರೆ. ಗವರ್ನರ್ ಥಾಮಸ್ ಹಚಿನ್ಸನ್ ಇದ್ದಾನೆ, ಅವನ ರಾಜಕೀಯ ವೈರಿ ಜಾನ್ ಹ್ಯಾನ್‌ಕಾಕ್ ಇದ್ದಾನೆ, ಪಾದ್ರಿಗಳಿದ್ದಾರೆ, ಅವಳ ಯಜಮಾನನೂ ಇದ್ದಾನೆ. ಬ್ರಿಟಿಷ್ ರಾಜನ ವಿಷಯ ಬಂದರೆ ಒಬ್ಬರಿಗೊಬ್ಬರು ಆಗಿಬರದವರು ಇಲ್ಲಿ ಮಾತ್ರ ಒಂದೇ ಹಾಳೆಯ ಮೇಲೆ ಸೇರಿಕೊಂಡರು. ಅವರು ಹೇಳಿದ್ದರ ಸಾರ ಇಷ್ಟು: ಈ ಕವಿತೆಗಳನ್ನು ಈ ಹುಡುಗಿಯೇ ಬರೆದಿದ್ದಾಳೆ ಅಂತ ನಾವು ನಂಬುತ್ತೇವೆ, ಕೆಲವೇ ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದಾಗ ಇವಳಿಗೆ ಏನೂ ಬರುತ್ತಿರಲಿಲ್ಲ, ತಿಳಿದವರು ಇವಳನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಯೋಚನೆ ಮಾಡಿ. ಒಬ್ಬ ಕವಿಯ ಮೊದಲ ಪುಸ್ತಕ. ಅದರಲ್ಲಿ ಪ್ರಾಸ ಹೇಗಿದೆ, ಕಲ್ಪನೆ ಹೇಗಿದೆ ಅನ್ನೋ ಮಾತಿಗಿಂತ ಮೊದಲು ‘ಇದನ್ನು ಬರೆದದ್ದು ನೀನೇನಾ?’ ಅನ್ನೋ ಪ್ರಶ್ನೆ. ಅದಕ್ಕೆ ಅವಳು ಹೇಳಿದ ಉತ್ತರ ಸಾಕಾಗಲ್ಲ. ಸುತ್ತ ಇರುವ ಬಿಳಿಯರು ಹೌದು ಅನ್ನಬೇಕು.

ಇಷ್ಟಾದರೂ ಥಾಮಸ್ ಜೆಫರ್ಸನ್ ಒಪ್ಪಲಿಲ್ಲ. ವರ್ಜೀನಿಯಾ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಅವನು ವೀಟ್ಲಿಯ ಹೆಸರೆತ್ತುತ್ತಾನೆ. ಧರ್ಮ ಇಂಥವಳನ್ನು ಹುಟ್ಟಿಸಬಹುದು, ಕವಿಯನ್ನು ಹುಟ್ಟಿಸಲಾರದು, ಅವಳ ಹೆಸರಲ್ಲಿ ಬಂದ ಬರಹಗಳಿಗೆ ವಿಮರ್ಶೆಯ ಯೋಗ್ಯತೆಯೂ ಇಲ್ಲ ಅನ್ನೋ ಅರ್ಥದ ಮಾತು ಬರೆಯುತ್ತಾನೆ. ‘ಅವಳು ಬರೆದ’ ಅಂತಲೂ ಅಲ್ಲ, ‘ಅವಳ ಹೆಸರಲ್ಲಿ ಬಂದ’. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಕೈ ಇದು. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ ಕೈಯೂ ಇದೇ. ವೀಟ್ಲಿ 1784ರಲ್ಲಿ ಬಡತನದಲ್ಲಿ ಸತ್ತಳು. ಎರಡನೇ ಸಂಕಲನಕ್ಕೆ ಕವಿತೆಗಳಿದ್ದವು, ಪ್ರಕಾಶಕರು ಸಿಗಲಿಲ್ಲ.

ಅಮೆರಿಕದ ಸಾಹಿತ್ಯ ವಿಮರ್ಶೆ ಜನಾಂಗದ ಜೊತೆ ಹೇಗೆ ಹೆಣೆದುಕೊಂಡಿದೆ ಅಂತ ಯಾರಾದರೂ ಕೇಳಿದರೆ ನಾನು ಆ ಪ್ರಮಾಣಪತ್ರದಿಂದಲೇ ಮಾತು ಶುರು ಮಾಡುತ್ತೇನೆ. ಯಾಕೆಂದರೆ ಆ ಹಾಳೆ ಮುಂದಿನ ಇನ್ನೂರು ವರ್ಷ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇತ್ತು. ಕಪ್ಪು ಲೇಖಕರನ್ನು ವಿಮರ್ಶೆ ಸಾಕ್ಷಿ ಕೇಳುತ್ತಲೇ ಬಂತು. ಬಿಳಿ ಲೇಖಕರನ್ನು ಬಣ್ಣದ ಬಗ್ಗೆ ಏನೂ ಕೇಳಲಿಲ್ಲ. ಇವೆರಡೂ ಒಂದೇ ಅಭ್ಯಾಸ ಅನ್ನೋದು ನನ್ನ ನಂಬಿಕೆ.

ನಾನು ಇಂಗ್ಲಿಷ್ ಎಂ.ಎ. ಓದುವಾಗ ಅಮೆರಿಕನ್ ಸಾಹಿತ್ಯ ಅಂದರೆ ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್ಮನ್. ಆಮೇಲೆ ಟ್ವೈನ್, ಹೆಮಿಂಗ್ವೇ, ಫಾಕ್ನರ್. ಕೊನೆಗೆ ‘ಕಪ್ಪು ಸಾಹಿತ್ಯ’ ಅಂತ ಒಂದು ಯೂನಿಟ್, ಪರೀಕ್ಷೆ ಹತ್ತಿರ ಬಂದಾಗ ಓಡಿಸುವಂಥದ್ದು. ಆ ಮೊದಲ ಐದು ಹೆಸರು ಆಕಾಶದಿಂದ ಉದುರಿದ್ದಲ್ಲ ಅಂತ ಎಷ್ಟೋ ಆಮೇಲೆ ಗೊತ್ತಾಯಿತು. 1941ರಲ್ಲಿ ಎಫ್. ಓ. ಮ್ಯಾಥಿಸನ್ ಅನ್ನುವ ಹಾರ್ವರ್ಡ್‌ನ ಪ್ರೊಫೆಸರ್ ಹತ್ತೊಂಬತ್ತನೇ ಶತಮಾನದ ನಡುವಿನ ಅಮೆರಿಕನ್ ಸಾಹಿತ್ಯದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಒಳ್ಳೆ ಪುಸ್ತಕ, ಅದರ ಓದು ಸೂಕ್ಷ್ಮವಾಗಿದೆ, ಅದನ್ನು ಅಲ್ಲಗಳೆಯಲಾರೆ. ಅದರ ಕೇಂದ್ರದಲ್ಲಿ ಇದ್ದವರು ಈ ಐದೇ ಜನ. ಕಾಲೇಜುಗಳು ಆ ಪಟ್ಟಿಯನ್ನೇ ಹಿಡಿದುಕೊಂಡವು, ಅದು ದಾಟಿ ದಾಟಿ ನಮ್ಮ ಕ್ಲಾಸಿಗೂ ಬಂತು.

ಅದೇ ಕಾಲದಲ್ಲಿ ಬರೆಯುತ್ತಿದ್ದ ಫ್ರೆಡರಿಕ್ ಡಗ್ಲಸ್ ಆ ಐವರಲ್ಲಿ ಇಲ್ಲ. ಥೋರೋ ವಾಲ್ಡನ್ ಕೊಳದ ಪಕ್ಕದ ಗುಡಿಸಲಿಗೆ ಹೋದದ್ದು 1845ರ ಜುಲೈಯಲ್ಲಿ. ಡಗ್ಲಸ್‌ನ ಆತ್ಮಕಥೆ ಬಾಸ್ಟನ್ನಿನಲ್ಲಿ ಅಚ್ಚಾದದ್ದು ಅದೇ ವರ್ಷ. ಇಬ್ಬರೂ ಮ್ಯಾಸಚೂಸೆಟ್ಸ್‌ನವರು, ಒಬ್ಬ ಹುಟ್ಟಿನಿಂದ, ಇನ್ನೊಬ್ಬ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನೆಲೆಸಿದವನು. ಇಬ್ಬರ ಪ್ರಶ್ನೆಯೂ ಸ್ವಾತಂತ್ರ್ಯ ಅಂದರೇನು ಅನ್ನೋದೇ. ಒಬ್ಬನದು ತತ್ವಶಾಸ್ತ್ರದ ಹಾಗೆ ಪಾಠವಾಯಿತು, ಇನ್ನೊಬ್ಬನದು ಬಹಳ ಕಾಲ ಚರಿತ್ರೆಯ ದಾಖಲೆಯ ಕಪಾಟಿನಲ್ಲಿ ಕೂತಿತ್ತು. ಡಗ್ಲಸ್‌ನ ಪುಸ್ತಕದ ಹೆಸರಿನಲ್ಲೇ ‘ತಾನೇ ಬರೆದದ್ದು’ ಅಂತ ಸೇರಿಸಬೇಕಾಯಿತು. ಮುಂದೆ ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಮುನ್ನುಡಿ, ವೆಂಡೆಲ್ ಫಿಲಿಪ್ಸ್‌ನ ಪತ್ರ. ಇಬ್ಬರೂ ಗುಲಾಮಗಿರಿಯ ವಿರುದ್ಧ ಹೋರಾಡಿದ ಒಳ್ಳೆಯ ಬಿಳಿಯರು. ಆದರೂ ಬಾಗಿಲಲ್ಲಿ ನಿಂತು ಸಾಕ್ಷಿ ಹೇಳುವ ಕೆಲಸ ಅವರಿಗೇ ಬಂತು.

ಹ್ಯಾರಿಯೆಟ್ ಜೇಕಬ್ಸ್‌ಳ ಕಥೆ ಇದಕ್ಕಿಂತ ನೋವಿನದು. ನಾರ್ತ್ ಕ್ಯಾರೊಲಿನಾದ ಈಡೆಂಟನ್ ಊರಿನಲ್ಲಿ, ಯಜಮಾನನ ಲೈಂಗಿಕ ಕಾಟದಿಂದ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಸೂರಿನ ಕೆಳಗೆ ಅಡಗಿ ಕೂತವಳು ಅವಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲದ ಅಟ್ಟ. ಎತ್ತರ ಜಾಸ್ತಿ ಇದ್ದ ಕಡೆ ಮೂರು ಅಡಿ. ಎದ್ದು ನಿಲ್ಲೋ ಹಾಗಿಲ್ಲ. ಅಲ್ಲಿ ಹತ್ತಿರ ಹತ್ತಿರ ಏಳು ವರ್ಷ ಇದ್ದಳು. ಹಲಗೆಯಲ್ಲಿ ಸಣ್ಣ ತೂತು ಕೊರೆದುಕೊಂಡು ತನ್ನ ಮಕ್ಕಳು ಆಡೋದನ್ನು ನೋಡುತ್ತಿದ್ದಳು. ಇದನ್ನೆಲ್ಲ 1861ರಲ್ಲಿ ಬೇರೆ ಹೆಸರಲ್ಲಿ ಪುಸ್ತಕ ಮಾಡಿದಳು. ಲಿಡಿಯಾ ಮರಿಯಾ ಚೈಲ್ಡ್ ಅನ್ನೋ ಬಿಳಿ ಲೇಖಕಿ ಸಂಪಾದಿಸಿದ್ದಳು. ಅಷ್ಟು ಸಾಕಾಯಿತು. ಇಪ್ಪತ್ತನೇ ಶತಮಾನದ ಎಷ್ಟೋ ವಿದ್ವಾಂಸರು ಇದು ನಿಜವಾದ ಆತ್ಮಕಥೆ ಅಲ್ಲ, ಚೈಲ್ಡ್ ಬರೆದ ಕಾದಂಬರಿ ಇರಬೇಕು ಅಂದುಕೊಂಡರು. ಕಥೆ ತೀರಾ ಅಚ್ಚುಕಟ್ಟಾಗಿದೆ, ಕಾದಂಬರಿಯ ಹಾಗಿದೆ ಅನ್ನೋ ಕಾರಣ. ಅಂದರೆ ಚೆನ್ನಾಗಿ ಬರೆದರೆ ಅದೇ ಅನುಮಾನಕ್ಕೆ ಕಾರಣ! 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಅನ್ನುವ ಸಂಶೋಧಕಿ ಜೇಕಬ್ಸ್‌ಳ ಪತ್ರಗಳನ್ನು, ಊರಿನ ದಾಖಲೆಗಳನ್ನು ಒಂದೊಂದಾಗಿ ಜೋಡಿಸಿ ಇದು ಅವಳದೇ ಬದುಕು, ಅವಳದೇ ಬರಹ ಅಂತ ತೋರಿಸಿದಳು. 1987ರಲ್ಲಿ ಹೊಸ ಆವೃತ್ತಿ ಬಂತು. ಜೇಕಬ್ಸ್ ಸತ್ತು 90 ವರ್ಷ ಆಗಿತ್ತು.

ಇದು ಒಂದು ಕಡೆ. ಇನ್ನೊಂದು ಕಡೆಗೆ ದೀಪ ಹಿಡಿದವಳು ಕಪ್ಪು ಕಾದಂಬರಿಕಾರ್ತಿ ಟೋನಿ ಮಾರಿಸನ್.

1990ರಲ್ಲಿ ಅವಳು ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಟ್ಟಳು. ಅದು 1992ರಲ್ಲಿ ‘ಪ್ಲೇಯಿಂಗ್ ಇನ್ ದಿ ಡಾರ್ಕ್’ ಅಂತ ತೆಳ್ಳಗಿನ ಪುಸ್ತಕವಾಗಿ ಬಂತು. ನೂರು ಪುಟದ ಆಚೀಚೆ, ಅಷ್ಟೇ. ಅಮೆರಿಕದ ದೊಡ್ಡ ಸಾಹಿತ್ಯಕ್ಕೂ ಅಲ್ಲಿ ಶತಮಾನಗಳಿಂದ ಇರುವ ಕಪ್ಪು ಜನಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ವಿಮರ್ಶಕರು ಬರೆಯುತ್ತಾರಲ್ಲ, ಅದು ಹೇಗೆ ಸಾಧ್ಯ ಅಂತ ಅವಳು ಕೇಳುತ್ತಾಳೆ. ಗುಲಾಮಗಿರಿಯ ಮೇಲೆ ನಿಂತ ದೇಶದಲ್ಲಿ ಸ್ವಾತಂತ್ರ್ಯ, ಒಂಟಿತನ, ಗಂಡಸುತನ, ಮುಗ್ಧತೆ ಅಂತೆಲ್ಲ ಬರೆಯುವಾಗ ಪಕ್ಕದಲ್ಲೇ ಸ್ವಾತಂತ್ರ್ಯ ಇಲ್ಲದವನು ಇದ್ದನಲ್ಲ? ಅವನನ್ನು ನೋಡಿ ನೋಡಿಯೇ ಈ ಪದಗಳಿಗೆ ಅರ್ಥ ಬಂದದ್ದಲ್ವಾ? ಕಪ್ಪು ಪಾತ್ರಗಳನ್ನು ಲೆಕ್ಕ ಹಾಕಿ ಯಾರು ಒಳ್ಳೆಯವರು, ಯಾರು ಜನಾಂಗದ್ವೇಷಿ ಅಂತ ತೀರ್ಪು ಕೊಡೋದು ಅವಳ ಉದ್ದೇಶ ಅಲ್ಲ. ಕಲ್ಪಿಸಿಕೊಂಡವನ ಮನಸ್ಸು ಹೇಗೆ ಕೆಲಸ ಮಾಡಿತು ಅಂತ ನೋಡೋದು. ಆ ಪುಸ್ತಕದಲ್ಲಿ ಪೋ ಇದ್ದಾನೆ, ವಿಲ್ಲಾ ಕ್ಯಾದರ್ ಇದ್ದಾಳೆ. ನಾನು ಹೆಮಿಂಗ್ವೇ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಒಂದೇ ಒಂದು ವಾಕ್ಯ ಹಿಡಿದು ಅವಳು ಮಾಡಿದ ಕೆಲಸ ನನ್ನ ಓದುವ ರೀತಿಯನ್ನೇ ಬದಲಾಯಿಸಿತು.

1937ರಲ್ಲಿ ಬಂದ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಕಾದಂಬರಿ. ಹ್ಯಾರಿ ಮಾರ್ಗನ್ ಬಾಡಿಗೆಗೆ ದೋಣಿ ಓಡಿಸುವವನು, ದುಡ್ಡು ಕೊಟ್ಟ ಗಿರಾಕಿಯನ್ನು ಮೀನು ಹಿಡಿಯಲು ಕರೆದುಕೊಂಡು ಹೋಗಿದ್ದಾನೆ. ದೋಣಿಯಲ್ಲಿ ಕುಡುಕ ಬಿಳಿಯ ಎಡ್ಡಿ ಇದ್ದಾನೆ, ಕೆಲಸಕ್ಕೆ ಒಬ್ಬ ಕಪ್ಪು ಮನುಷ್ಯ ಇದ್ದಾನೆ. ಕಥೆ ಹೇಳುವವನು ಹ್ಯಾರಿಯೇ. ಈ ಭಾಗದಲ್ಲಿ ಕಪ್ಪು ಮನುಷ್ಯನಿಗೆ ಹೆಸರಿಲ್ಲ, ಮಾತೂ ಇಲ್ಲ, ಒಂದು ಬೈಗುಳವೇ ಹೆಸರು. ಒಂದು ಹೊತ್ತಿನಲ್ಲಿ ದೋಣಿ ನಡೆಸುತ್ತಿರುವವನು ಅವನೇ. ಮುಂದೆ ನೀರಿನಿಂದ ಹಾರುಮೀನುಗಳ ಹಿಂಡು ಎದ್ದಿತು. ದೋಣಿ ನಡೆಸುವವನ ಕಣ್ಣು ಮುಂದೆಯೇ ಇರುತ್ತದೆ, ಅವನಿಗೇ ಮೊದಲು ಕಾಣಬೇಕು. ಕಂಡವನು ಏನು ಮಾಡುತ್ತಾನೆ? ‘ಅಗೋ ಅಲ್ಲಿ’ ಅಂತ ಕೂಗುತ್ತಾನೆ. ಮೀನಿಗೆ ಹೋದ ಯಾರಾದರೂ ಮಾಡೋದು ಅದನ್ನೇ. ಆದರೆ ಅವನು ಕೂಗಿದರೆ ಅವನಿಗೆ ಬಾಯಿ ಬಂದ ಹಾಗಾಯಿತು, ದೋಣಿಯಲ್ಲಿ ತಿಳಿದವನು ಹ್ಯಾರಿ ಒಬ್ಬನೇ ಅಲ್ಲ ಅಂತಲೂ ಆಯಿತು. ಅದಕ್ಕೆ ಹೆಮಿಂಗ್ವೇ ಏನು ಬರೆಯುತ್ತಾನೆ ಗೊತ್ತಾ? ಅವನು ಹಾರುಮೀನುಗಳನ್ನು ನೋಡಿದ್ದನ್ನು ನಾನು ನೋಡಿದೆ, ಅಂತ ಹ್ಯಾರಿಯ ಕೈಲಿ ಹೇಳಿಸುತ್ತಾನೆ.

ಇನ್ನೊಮ್ಮೆ ಓದಿ. ಇಂಗ್ಲಿಷಿನಲ್ಲೂ ಅದು ಇಷ್ಟೇ ವಕ್ರ ವಾಕ್ಯ. ಒಂದು ಪದ ಹೆಚ್ಚಾದರೂ ಹೊಡೆದು ಹಾಕುವವನು, ನೇರ ವಾಕ್ಯಕ್ಕೆ ಜಗತ್ತಿಗೇ ಮಾದರಿಯಾದವನು, ಇಲ್ಲಿ ಸುತ್ತಿ ಬಳಸಿ ಬರೆಯುತ್ತಾನೆ. ಒಬ್ಬ ಮನುಷ್ಯನನ್ನು ಸುಮ್ಮನಿರಿಸಬೇಕು ಅನ್ನೋದಕ್ಕೆ ವಾಕ್ಯವೇ ಸೊಟ್ಟಗಾಯಿತು. ಮಾರಿಸನ್ ಇದನ್ನು ಬೈದು ಹೇಳುವುದಿಲ್ಲ. ಒಬ್ಬ ಕಾದಂಬರಿಕಾರ್ತಿ ಇನ್ನೊಬ್ಬ ಕಾದಂಬರಿಕಾರನ ಕೈಕೆಲಸ ನೋಡಿ ಹೇಳುವ ಹಾಗೆ ಹೇಳುತ್ತಾಳೆ: ಇಲ್ಲಿ ಬೇರೆ ದಾರಿಗಳಿದ್ದವು, ಅವನು ಇದನ್ನು ಆರಿಸಿಕೊಂಡ, ಯಾಕೆ? ಮುಂದಿನ ಭಾಗದಲ್ಲಿ ಕಥೆ ಹೇಳುವವರು ಬದಲಾಗುತ್ತಾರೆ, ಕಪ್ಪು ಮನುಷ್ಯನಿಗೆ ವೆಸ್ಲಿ ಅಂತ ಹೆಸರೂ ಬರುತ್ತದೆ. ಆಗ ಅವನು ಮಾತಾಡುತ್ತಾನೆ. ಗುಂಡೇಟು ತಿಂದು ನರಳುತ್ತಾ, ದೂರುತ್ತಾ. ಅವನಿಗಿಂತ ಜೋರು ಪೆಟ್ಟು ತಿಂದ ಹ್ಯಾರಿ ಹಲ್ಲುಕಚ್ಚಿ ಕೆಲಸ ಮಾಡುತ್ತಾನೆ. ಹ್ಯಾರಿ ಗಂಡಸು ಅಂತ ಕಾಣಿಸಬೇಕಾದರೆ ಪಕ್ಕದಲ್ಲಿ ವೆಸ್ಲಿ ನರಳಬೇಕು.

ಈ ಓದು ಹೆಮಿಂಗ್ವೇಯನ್ನು ಸಣ್ಣದು ಮಾಡಲಿಲ್ಲ, ನನ್ನ ಮಟ್ಟಿಗೆ. ಅವನ ವಾಕ್ಯಗಳನ್ನು ಈಗ ಹಿಂದಿಗಿಂತ ಎಚ್ಚರದಿಂದ ಓದುತ್ತೇನೆ. ಜನಾಂಗದ ವಿಷಯ ತಂದರೆ ಸಾಹಿತ್ಯದ ಸೊಗಸು ಹಾಳಾಗುತ್ತದೆ ಅಂತ ಹೇಳುವವರಿದ್ದಾರಲ್ಲ, ಅವರಿಗೆ ನಾನು ತೋರಿಸೋದು ಇದನ್ನೇ. ಇದಕ್ಕಿಂತ ಹತ್ತಿರದಿಂದ ಒಂದು ವಾಕ್ಯವನ್ನು ಯಾರು ಓದಿದ್ದಾರೆ ಹೇಳಿ.

ಹಕಲ್‌ಬೆರಿ ಫಿನ್ ವಿಷಯವೂ ಹೀಗೆ. ಹಕ್ ಅನ್ನೋ ಬಿಳಿ ಹುಡುಗ, ತಪ್ಪಿಸಿಕೊಂಡ ಗುಲಾಮ ಜಿಮ್, ಇಬ್ಬರೂ ಜೊತೆಯಾಗಿ ಹೊರಟ ಕಥೆ, ಟ್ವೈನ್ ಬರೆದ ಕಾದಂಬರಿ ಅದು. ಇಡೀ ಆಧುನಿಕ ಅಮೆರಿಕನ್ ಸಾಹಿತ್ಯ ಆ ಒಂದು ಪುಸ್ತಕದಿಂದ ಬಂತು ಅಂತ 1935ರಲ್ಲಿ ಹೆಮಿಂಗ್ವೇ ಬರೆದ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಬೆನ್ನಿಗೇ ಅವನು ಹೇಳಿದ ಮಾತು ಅಷ್ಟಾಗಿ ಯಾರಿಗೂ ನೆನಪಿರಲ್ಲ: ಜಿಮ್‌ನನ್ನು ಕದಿಯುವಲ್ಲಿಗೆ ಓದು ನಿಲ್ಲಿಸಿ, ಆಮೇಲಿನದ್ದು ಮೋಸ. ಆಮೇಲೆ ಏನಾಗುತ್ತದೆ? ಗುಲಾಮ ಜಿಮ್ ಒಂದು ತೋಟದ ಮನೆಯ ಗುಡಿಸಲಿನಲ್ಲಿ ಬಂಧಿ. ಹಕ್‌ನ ಗೆಳೆಯ ಟಾಮ್ ಸಾಯರ್ ಬರುತ್ತಾನೆ. ಜಿಮ್‌ನ ಒಡತಿ ಸಾಯುವ ಮುಂಚೆ ಉಯಿಲಿನಲ್ಲಿ ಅವನನ್ನು ಬಿಡುಗಡೆ ಮಾಡಿದ್ದಾಳೆ ಅಂತ ಟಾಮ್‌ಗೆ ಗೊತ್ತು. ಗೊತ್ತಿದ್ದೂ ಹೇಳಲ್ಲ. ಜೈಲು ಒಡೆಯುವ ಆಟ ಆಡುತ್ತಾನೆ, ಇಲಿ, ಹಾವು, ಜೇಡ ತಂದು ಬಿಡುತ್ತಾನೆ, ಜಿಮ್ ಅದನ್ನೆಲ್ಲ ಸಹಿಸಬೇಕು. ಬಹಳ ವಿಮರ್ಶಕರು ಇದನ್ನು ಕಥೆಯ ಕಟ್ಟಿನ ದೋಷ ಅಂದರು, ಕೆಲವರು ಸಮರ್ಥಿಸಿಕೊಂಡರು. ಮಾರಿಸನ್ ಬೇರೆ ಕಡೆಯಿಂದ ಬರುತ್ತಾಳೆ. ಹಕ್ ಬೆಳೆಯಬೇಕಾದರೆ ಜಿಮ್ ಬೇಕು. ಜಿಮ್ ಮೊದಲೇ ಬಿಡುಗಡೆಯಾಗಿ ಹೊರಟುಬಿಟ್ಟರೆ ಹಕ್‌ನ ಕಥೆಗೆ ದಾರಿಯೇ ಇಲ್ಲ. ಅದಕ್ಕೇ ಬಿಡುಗಡೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

2024ರಲ್ಲಿ ಪರ್ಸಿವಲ್ ಎವರೆಟ್ ಇದೇ ಕಥೆಯನ್ನು ಜಿಮ್‌ನ ಬಾಯಲ್ಲಿ ಹೇಳಿಸಿದ. ‘ಜೇಮ್ಸ್’ ಅಂತ ಕಾದಂಬರಿ. ಅದರಲ್ಲಿ ಗುಲಾಮರು ತಮ್ಮತಮ್ಮಲ್ಲಿ ಶುದ್ಧವಾದ ಇಂಗ್ಲಿಷ್ ಮಾತಾಡುತ್ತಾರೆ, ಬಿಳಿಯರು ಹತ್ತಿರ ಬಂದ ಕೂಡಲೇ ತೊದಲು ಭಾಷೆಗೆ ಬದಲಾಗುತ್ತಾರೆ. ಜೇಮ್ಸ್ ಮಕ್ಕಳಿಗೆ ಆ ಭಾಷೆಯನ್ನು ಪಾಠ ಹೇಳಿಕೊಡುತ್ತಾನೆ, ಬಿಳಿಯರ ಮುಂದೆ ಜಾಣರಾಗಿ ಕಂಡರೆ ಜೀವಕ್ಕೇ ಅಪಾಯ ಅಂತ. ಆ ಒಂದು ದೃಶ್ಯ ಓದಿದ ಮೇಲೆ ಹಳೇ ಪುಸ್ತಕದಲ್ಲಿ ಜಿಮ್ ಆಡುವ ಒಂದೊಂದು ಮಾತೂ ನನಗೆ ಬೇರೆ ಥರ ಕೇಳಿಸುತ್ತಿದೆ. ಪುಸ್ತಕಕ್ಕೆ ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್, ಮುಂದಿನ ವರ್ಷ ಪುಲಿಟ್ಜರ್ ಬಂತು.

ಕಪ್ಪು ಲೇಖಕರೆಲ್ಲ ಒಂದೇ ದನಿಯಲ್ಲಿ ಮಾತಾಡಿದರು ಅಂದುಕೊಳ್ಳಬೇಡಿ. ಅಲ್ಲಿ ಜಗಳಗಳು ಜೋರಾಗಿದ್ದವು, ಅವೇ ವಿಮರ್ಶೆಯನ್ನು ಬೆಳೆಸಿದವು. 1926ರ ಜೂನ್‌ನಲ್ಲಿ ‘ದಿ ನೇಷನ್’ ಪತ್ರಿಕೆಯಲ್ಲಿ ಜಾರ್ಜ್ ಸ್ಕೈಲರ್ ಕಪ್ಪು ಕಲೆ ಅಂತ ಬೇರೆ ಏನೂ ಇಲ್ಲ ಅಂತ ಬರೆದ. ಮುಂದಿನ ವಾರವೇ ಲ್ಯಾಂಗ್‌ಸ್ಟನ್ ಹ್ಯೂಸ್ ಉತ್ತರ ಕೊಟ್ಟ. ಬಿಳಿಯನಾಗಬೇಕು ಅನ್ನೋ ಒಳಗಿನ ಆಸೆಯೇ ಕಪ್ಪು ಕಲಾವಿದನ ಮುಂದೆ ಇರುವ ದೊಡ್ಡ ಬೆಟ್ಟ, ನಾವು ಇದ್ದ ಹಾಗೆ ಬರೆಯುತ್ತೇವೆ, ಮೆಚ್ಚಿದರೆ ಸಂತೋಷ, ಮೆಚ್ಚದಿದ್ದರೆ ಬಿಡಿ ಅಂದ. 1937ರಲ್ಲಿ ಜೋರಾ ನೀಲ್ ಹರ್ಸ್ಟನ್‌ಳ ಕಾದಂಬರಿ ಬಂದಾಗ ರಿಚರ್ಡ್ ರೈಟ್ ಅದನ್ನು ಹೀನಾಯವಾಗಿ ಹೊಡೆದು ಹಾಕಿದ. ಬಿಳಿಯರನ್ನು ರಂಜಿಸಲು ಬರೆದದ್ದು, ಹುರುಳಿಲ್ಲ ಅಂದ. ರೈಟ್‌ನ ಸಿಟ್ಟಿಗೆ ಕಾರಣ ಇತ್ತು, ಮಿಸಿಸಿಪಿಯಲ್ಲಿ ಅವನು ಕಂಡ ಬಾಲ್ಯ ಹಾಗಿತ್ತು. ಆದರೂ ಈ ವಿಷಯದಲ್ಲಿ ನಾನು ಹರ್ಸ್ಟನ್ ಪರ. ಫ್ಲಾರಿಡಾದ ಕಪ್ಪು ಜನ ಜಗಲಿಯ ಮೇಲೆ ಕೂತು ಆಡುವ ಮಾತು, ಒಬ್ಬ ಹೆಂಗಸಿನ ಪ್ರೀತಿ, ಇವು ಬಿಳಿಯರಿಗೆ ಉತ್ತರ ಕೊಡಲೇಬೇಕಾದ ವಿಷಯಗಳಲ್ಲ. ಬದುಕು ಬರೀ ಪ್ರತಿಭಟನೆ ಅಲ್ಲ ಅಂತ ಬರೆಯುವುದಕ್ಕೂ ಧೈರ್ಯ ಬೇಕು. ಗುಲಾಮರ ಹಡಗಿನಲ್ಲಿ ಬಂದು ಬದುಕಿ ಉಳಿದಿದ್ದ ಕಜೋ ಲೂಯಿಸ್ ಅನ್ನೋ ಮುದುಕನ ಕಥೆಯನ್ನು ಅವಳು ಅವನ ಮಾತಿನಲ್ಲೇ ಬರೆದುಕೊಂಡಿದ್ದಳು. ಪ್ರಕಾಶಕರು ಆ ಆಡುಮಾತು ಬೇಡ, ಶಿಷ್ಟ ಭಾಷೆಗೆ ತಿರುಗಿಸಿ ಅಂದರು. ಒಪ್ಪಲಿಲ್ಲ. 1931ರ ಹೊತ್ತಿಗೆ ಸಿದ್ಧವಿದ್ದ ಪುಸ್ತಕ ಹೊರಬಂದದ್ದು 2018ರಲ್ಲಿ. ಹರ್ಸ್ಟನ್ 1960ರಲ್ಲಿ ತೀರಿಕೊಂಡಾಗ ಗೋರಿಗೆ ಒಂದು ಕಲ್ಲೂ ಇರಲಿಲ್ಲ. 1973ರಲ್ಲಿ ಕಪ್ಪು ಲೇಖಕಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ಹಾಕಿಸಿದಳು.

1963ರಲ್ಲಿ ಇದೇ ಮಾತು ಬೇರೆ ದಿಕ್ಕಿನಿಂದ ಬಂತು. ಇರ್ವಿಂಗ್ ಹೌ ಅನ್ನುವ ಬಿಳಿ ವಿಮರ್ಶಕ, ಎಡಪಂಥದವನು, ಕಪ್ಪು ಜನರ ಬಗ್ಗೆ ಕಳಕಳಿ ಇದ್ದವನೇ, ಕಪ್ಪು ಲೇಖಕರಾದ ರಾಲ್ಫ್ ಎಲಿಸನ್ ಮತ್ತು ಜೇಮ್ಸ್ ಬಾಲ್ಡ್‌ವಿನ್ ಬರಹದಲ್ಲಿ ರೈಟ್‌ನ ಸಿಟ್ಟು ಸಾಲದು ಅಂದ. ಎಲಿಸನ್ ಅದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಓದಬೇಕಾದ್ದು. ನೀನು ನನ್ನ ಪುಸ್ತಕದಲ್ಲಿ ಮನುಷ್ಯನನ್ನು ನೋಡದೆ ನಿನಗೆ ಬೇಕಾದ ನೋವನ್ನು ಹುಡುಕುತ್ತಿದ್ದೀಯ ಅನ್ನೋದು ಅವನ ವಾದದ ತಿರುಳು. ಮೊದಲು ‘ಬರೆದದ್ದು ನೀನೇನಾ’ ಅಂತ ಕೇಳಿದ್ದರು. ಈಗ ‘ನೀನು ಸಾಕಷ್ಟು ಕಪ್ಪಾಗಿ ಬರೆದಿದ್ದೀಯಾ’ ಅಂತ ಕೇಳುತ್ತಿದ್ದಾರೆ.

ಮಾರಿಸನ್‌ಗೂ ಇದು ತಪ್ಪಲಿಲ್ಲ. 1973ರಲ್ಲಿ ‘ಸೂಲಾ’ ಬಂದಾಗ ನ್ಯೂಯಾರ್ಕ್ ಟೈಮ್ಸ್ ವಿಮರ್ಶೆಯಲ್ಲಿ ಇಷ್ಟು ಪ್ರತಿಭೆ ಇರುವವಳು ಬರೀ ಕಪ್ಪು ಜನರ ಸಣ್ಣ ಊರಿನ ಬದುಕಿಗೆ ಅಂಟಿಕೊಳ್ಳಬಾರದು ಅನ್ನೋ ಹಿತವಚನ ಬಂತು. ಹೆಚ್ಚಾಗಿ ಸಣ್ಣ ಊರಿನ ಬಿಳಿಯರ ಬಗ್ಗೆ ಬರೆದುಕೊಂಡಿದ್ದ ಫಾಕ್ನರ್‌ಗೆ ಯಾರಾದರೂ ಹೀಗೆ ಹೇಳಿದ್ದರಾ? 1998ರಲ್ಲಿ, ನೊಬೆಲ್ ಬಂದು ಐದು ವರ್ಷ ಆದಮೇಲೂ, ಆಸ್ಟ್ರೇಲಿಯಾದ ಟಿವಿ ಸಂದರ್ಶನದಲ್ಲಿ ಬಿಳಿಯರ ಬದುಕನ್ನು ಮುಖ್ಯವಾಗಿಟ್ಟು ಬರೆಯುತ್ತೀರಾ ಅಂತ ಕೇಳಿದರು. ಈ ಪ್ರಶ್ನೆ ಎಷ್ಟು ಜನಾಂಗೀಯವಾದದ್ದು ಅಂತ ನಿಮಗೆ ಅರ್ಥವೇ ಆಗುತ್ತಿಲ್ಲ ಅಂತ ಅವಳು ಶಾಂತವಾಗಿ ಹೇಳಿದಳು. 1987ರಲ್ಲಿ ‘ಬಿಲವೆಡ್’ ಬಂತು, ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್ ಬರಲಿಲ್ಲ. 1988ರ ಜನವರಿಯಲ್ಲಿ 48 ಕಪ್ಪು ಲೇಖಕರು, ವಿಮರ್ಶಕರು ಸೇರಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹೇಳಿಕೆ ಕೊಟ್ಟರು. ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ ಬಾಲ್ಡ್‌ವಿನ್‌ಗೂ ಈ ದೇಶ ನ್ಯಾಷನಲ್ ಬುಕ್ ಅವಾರ್ಡ್, ಪುಲಿಟ್ಜರ್ ಎರಡರಲ್ಲಿ ಒಂದನ್ನೂ ಕೊಡಲಿಲ್ಲ ಅಂತ ನೆನಪಿಸಿದರು. ಆ ವಸಂತದಲ್ಲಿ ಪುಲಿಟ್ಜರ್ ಬಂತು. ಒತ್ತಡಕ್ಕೆ ಬಂದದ್ದು ಅಂತ ಕೆಲವರು ಮೂಗು ಮುರಿದರು. ಆ ಪುಸ್ತಕ ಓದಿದ ಯಾರಿಗೂ ಹಾಗೆ ಅನ್ನಿಸಲಿಕ್ಕೆ ಸಾಧ್ಯ ಅಂತ ನಾನು ನಂಬಲ್ಲ.

ಇದೆಲ್ಲ ದೂರದ ದೇಶದ ಮಾತು, ನಮಗ್ಯಾಕೆ ಅನ್ನುವವರಿಗೆ ಒಂದೆರಡು ಮಾತು. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದಿದ್ದರು. ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಕೇಳಿದ್ದರು, ಡು ಬೋಯಿಸ್ ಉತ್ತರವನ್ನೂ ಬರೆದ. 1972ರಲ್ಲಿ ಬೊಂಬಾಯಿಯ ಯುವ ದಲಿತ ಲೇಖಕರು ತಮ್ಮ ಸಂಘಟನೆಗೆ ಹೆಸರು ತೆಗೆದುಕೊಂಡದ್ದು ಅಮೆರಿಕದ ಕಪ್ಪು ಹೋರಾಟಗಾರರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಜಾತಿಯೂ ಜನಾಂಗವೂ ಒಂದೇ ಅಂತ ನಾನು ಹೇಳುತ್ತಿಲ್ಲ, ಎರಡರ ಇತಿಹಾಸವೂ ಬೇರೆ. ಆದರೆ ಇಲ್ಲಿಯವರು ಅಲ್ಲಿಯವರ ಬರಹವನ್ನು ತಮ್ಮ ಕೆಲಸಕ್ಕೆ ಬೇಕು ಅಂತಲೇ ಓದಿದ್ದರು.

ಎಲ್ಲಿಂದ ಓದಲು ಶುರು ಮಾಡಲಿ ಅಂತ ಕೇಳಿದವರಿಗೆಲ್ಲ ನಾನು ಒಂದೇ ಪುಸ್ತಕ ಹೇಳುತ್ತೇನೆ. ಮಾರಿಸನ್‌ಳ ‘ರೆಸಿಟಟೀಫ್’, 1983ರ ಸಣ್ಣಕಥೆ, 2022ರಲ್ಲಿ ಪುಟ್ಟ ಪುಸ್ತಕವಾಗಿಯೂ ಬಂದಿದೆ. ಟ್ವೈಲಾ, ರಾಬರ್ಟಾ ಅನ್ನೋ ಇಬ್ಬರು ಹುಡುಗಿಯರು, ಎಂಟು ವರ್ಷದವರು, ಅನಾಥಾಲಯದಂಥ ಒಂದು ಜಾಗದಲ್ಲಿ ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಒಬ್ಬಳ ತಾಯಿ ರಾತ್ರಿಯೆಲ್ಲ ಕುಣಿಯಲು ಹೋಗುತ್ತಾಳೆ, ಇನ್ನೊಬ್ಬಳ ತಾಯಿಗೆ ಕಾಯಿಲೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು ಅಂತ ಕಥೆ ಎಲ್ಲೂ ಹೇಳಲ್ಲ. ದೊಡ್ಡವರಾದ ಮೇಲೆ ಮತ್ತೆ ಮತ್ತೆ ಸಿಗುತ್ತಾರೆ, ಒಬ್ಬಳು ಹೋಟೆಲಿನಲ್ಲಿ ಸಪ್ಲೈಯರ್, ಒಬ್ಬಳು ಶ್ರೀಮಂತನ ಹೆಂಡತಿ. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೆರೆಸುವ ಗಲಾಟೆಯಲ್ಲಿ ಇಬ್ಬರೂ ಎದುರುಬದುರು ಫಲಕ ಹಿಡಿದು ನಿಲ್ಲುತ್ತಾರೆ. ಬಾಲ್ಯದಲ್ಲಿ ಇದ್ದ ಅಡುಗೆಮನೆಯ ಮೂಕ ಹೆಂಗಸು ಮ್ಯಾಗಿ ಕಪ್ಪಾಗಿದ್ದಳಾ ಅಲ್ವಾ ಅಂತಲೂ ಜಗಳ ಮಾಡುತ್ತಾರೆ. ಓದುವವರು ಊಟ, ಕೂದಲು, ಹೆಸರು, ಸಂಬಳ ಎಲ್ಲದರಲ್ಲೂ ಸುಳಿವು ಹುಡುಕುತ್ತಾರೆ, ಯಾವ ಸುಳಿವೂ ನಿಲ್ಲಲ್ಲ.

ಗೆಳೆಯರ ಜೊತೆ ಕೂತು ಓದಿ. ಓದಿ ಆದಮೇಲೆ ಟ್ವೈಲಾ ಕಪ್ಪೋ ಬಿಳಿಯೋ ಅಂತ ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಬರೆಯಿರಿ. ಅದರ ಕೆಳಗೆ, ಯಾವ ಸಾಲು ಓದಿದಾಗ ಹಾಗನ್ನಿಸಿತು ಅಂತ ಬರೆಯಿರಿ. ನಿಮ್ಮ ಚರ್ಚೆ ಆ ಎರಡನೇ ಉತ್ತರದಿಂದ ಶುರುವಾಗಲಿ.